ಓಪನಿಂಗ್ ಕೋಡ್ ತಪ್ಪು ಬರುತ್ತಿದೆಯಾ? ಚೆಸ್ ಡೇಟಾಬೇಸ್‌ನಲ್ಲಿ ದೋಷ ಹುಡುಕುವ ಬಗೆ

ಎದುರಾಳಿಯ ಹಳೆಯ ಆಟಗಳನ್ನು ಡೇಟಾಬೇಸ್‌ನಲ್ಲಿ ತೆಗೆಯುತ್ತೀರಿ. ಕಿಂಗ್ಸ್ ಇಂಡಿಯನ್ ಎಂಬ ಓಪನಿಂಗ್‌ನ (ಆಟ ಶುರುಮಾಡುವ ಬಗೆಯ) ಕೋಡ್ ಹಾಕಿ ಹುಡುಕಿದರೆ ನಾಲ್ಕೈದು ಆಟ ಮಾತ್ರ ಸಿಗುತ್ತವೆ. ಆದರೆ ಅವರು ವರ್ಷಗಟ್ಟಲೆ ಅದನ್ನೇ ಆಡಿದ್ದಾರೆ ಅಂತ ನಿಮಗೆ ಚೆನ್ನಾಗಿ ಗೊತ್ತು. ಉಳಿದ ಆಟಗಳು ಅಳಿಸಿಹೋಗಿಲ್ಲ, ಬೇರೆ ಕೋಡ್‌ನ ಕೆಳಗೆ ಕೂತಿವೆ. ತಯಾರಿ ಮಾಡುವವರಿಗೆ ಇದು ಸಣ್ಣ ತೊಂದರೆಯಲ್ಲ. ಯಾವುದನ್ನು ಓದಬೇಕು, ಯಾವುದನ್ನು ಬಿಡಬೇಕು ಅಂತ ತೀರ್ಮಾನ ಮಾಡುವುದೇ ಈ ಲೆಕ್ಕದ ಮೇಲೆ.

ಕೋಡ್ ಅಂದರೆ ಇಲ್ಲಿ ಇಸಿಒ ಕೋಡ್. ಬೆಲ್‌ಗ್ರೇಡ್‌ನ ಚೆಸ್ ಇನ್ಫಾರ್ಮೆಂಟ್ ಪ್ರಕಾಶನ 1974ರಿಂದ 1979ರ ನಡುವೆ ಐದು ಸಂಪುಟಗಳಲ್ಲಿ ತಂದ ಓಪನಿಂಗ್ ವಿಶ್ವಕೋಶದಿಂದ ಬಂದದ್ದು. ಎ00ಯಿಂದ ಇ99ರವರೆಗೆ ಒಟ್ಟು 500 ಕೋಡ್. ಸ್ಕಿಡ್, ಚೆಸ್‌ಬೇಸ್, ಪಿಜಿಎನ್-ಎಕ್ಸ್‌ಟ್ರಾಕ್ಟ್‌ನಂಥ ಚೆಸ್ ಸಾಫ್ಟ್‌ವೇರ್, ನೀವೇ ಬರೆದ ಪೈಥಾನ್ ಸ್ಕ್ರಿಪ್ಟ್, ಯಾವುದನ್ನೇ ಬಳಸಿದರೂ ಕೊನೆಗೆ ಆಟಕ್ಕೆ ಅಂಟುವುದು ಈ 500ರಲ್ಲಿ ಒಂದು.

ನಡೆಗಳನ್ನು ಈ ಬರಹದಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಬೋರ್ಡಿನ ಎಂಟು ಕಂಬಸಾಲು ಎಡದಿಂದ ಬಲಕ್ಕೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್.

ಮೊದಲ ಪ್ರಶ್ನೆ: ಈ ಕೋಡ್ ಹಾಕಿದ್ದು ಯಾರು?

ತಪ್ಪು ಕೋಡ್ ಕಂಡ ಕೂಡಲೇ ಎಲ್ಲರೂ ಮಾಡುವ ಕೆಲಸ ಒಂದೇ. ಇಡೀ ಡೇಟಾಬೇಸ್‌ಗೆ ಮತ್ತೆ ಕೋಡ್ ಹಾಕು ಅಂತ ಆಜ್ಞೆ ಕೊಟ್ಟು ಕೂರುವುದು. ಬೇಡ, ಸ್ವಲ್ಪ ತಡೆಯಿರಿ. ಹಾಗೆ ಮಾಡಿದರೆ ರೋಗದ ಗುರುತೇ ಅಳಿಸಿಹೋಗುತ್ತದೆ. ತಪ್ಪು ಎಲ್ಲಿಂದ ಬಂತು ಅಂತ ಆಮೇಲೆ ತಿಳಿಯುವುದೇ ಇಲ್ಲ.

ಪಿಜಿಎನ್ ಫೈಲ್‌ನಲ್ಲಿ (ಚೆಸ್ ಆಟಗಳನ್ನು ಬರೆದಿಡುವ ಟೆಕ್ಸ್ಟ್ ಫೈಲ್) ಪ್ರತಿ ಆಟದ ತಲೆಯಲ್ಲಿ ಟ್ಯಾಗ್‌ಗಳಿರುತ್ತವೆ: ಆಟಗಾರರ ಹೆಸರು, ದಿನಾಂಕ, ಫಲಿತಾಂಶ. ಇಸಿಒ ಟ್ಯಾಗ್ ಕೂಡ ಅಲ್ಲೇ. ಆಟವನ್ನು ಒಳಗೆ ತರುವಾಗ ಬಹಳಷ್ಟು ಸಾಫ್ಟ್‌ವೇರ್‌ಗಳು ಆ ಟ್ಯಾಗನ್ನು ಹಾಗೇ ನಂಬಿ ಇಟ್ಟುಕೊಳ್ಳುತ್ತವೆ. ಲೆಕ್ಕ ಹಾಕುವುದೇ ಇಲ್ಲ. ಅಂದರೆ ನೀವು ನೋಡುತ್ತಿರುವ ಕೋಡ್ ನಿಮ್ಮ ಸಾಫ್ಟ್‌ವೇರ್‌ನದ್ದು ಅಲ್ಲದೇ ಇರಬಹುದು. ಆ ಫೈಲ್ ತಯಾರಿಸಿದವರದ್ದು, ಅಥವಾ ಅವರಿಗೂ ಮೊದಲು ಇನ್ಯಾರದ್ದೋ.

ಪರೀಕ್ಷೆ ಸುಲಭ. ತಪ್ಪು ಕೋಡ್ ಇರುವ ಒಂದೇ ಒಂದು ಆಟವನ್ನು ಬೇರೆ ಫೈಲ್‌ಗೆ ನಕಲು ಮಾಡಿ. ಇಸಿಒ ಟ್ಯಾಗ್ ಇರುವ ಸಾಲನ್ನು ಪೂರ್ತಿ ಅಳಿಸಿ. ಓಪನಿಂಗ್, ವೇರಿಯೇಶನ್ ಟ್ಯಾಗ್‌ಗಳಿದ್ದರೆ ಅವನ್ನೂ ಅಳಿಸಿ. ಈಗ ಅದನ್ನು ಹೊಸ ಖಾಲಿ ಡೇಟಾಬೇಸ್‌ಗೆ ತಂದು ಕೋಡ್ ಹಾಕಿಸಿ. ಸರಿಯಾದ ಕೋಡ್ ಬಂತಾ? ಹಾಗಾದರೆ ಸಾಫ್ಟ್‌ವೇರ್ ಚೆನ್ನಾಗಿದೆ, ತಪ್ಪು ಹೊರಗಿನಿಂದ ಬಂದದ್ದು. ಅದೇ ತಪ್ಪು ಕೋಡ್ ಮತ್ತೆ ಬಂದರೆ ದೋಷ ಲೆಕ್ಕ ಹಾಕುವ ಕ್ರಮದಲ್ಲಿದೆ, ಅಥವಾ ಕೋಡ್ ಪಟ್ಟಿಯಲ್ಲಿದೆ. ಕೋಡೇ ಬರಲಿಲ್ಲ ಅಂದರೆ ಪಟ್ಟಿಯ ಫೈಲ್ ಸಾಫ್ಟ್‌ವೇರ್‌ಗೆ ಸಿಕ್ಕಿಲ್ಲ. ಸ್ಕಿಡ್‌ನಲ್ಲಿ ಇದು ಸ್ಕಿಡ್.ಇಸಿಒ ಎಂಬ ಫೈಲ್, ಪಿಜಿಎನ್-ಎಕ್ಸ್‌ಟ್ರಾಕ್ಟ್‌ನಲ್ಲಿ ಇಸಿಒ.ಪಿಜಿಎನ್. ಫೋಲ್ಡರ್ ಬದಲಾದರೆ ಅಥವಾ ಫೈಲ್ ಓದಲು ಅನುಮತಿ ಇಲ್ಲದಿದ್ದರೆ ಎಲ್ಲ ಆಟಗಳೂ ಕೋಡ್ ಇಲ್ಲದೆ ಉಳಿಯುತ್ತವೆ.

ಹೊರಗಿನಿಂದ ಬಂದ ತಪ್ಪು ಅಂತ ಖಾತ್ರಿಯಾದರೆ ಮತ್ತೆ ಕೋಡ್ ಹಾಕಿಸಬಹುದು. ಆಗ ಒಂದು ಆಯ್ಕೆಯನ್ನು ಗಮನಿಸಿ. ಸ್ಕಿಡ್‌ನಂಥವು ಎಲ್ಲಾ ಆಟಗಳಿಗೆ ಹಾಕಬೇಕಾ, ಕೋಡ್ ಇಲ್ಲದವುಗಳಿಗೆ ಮಾತ್ರ ಸಾಕಾ ಅಂತ ಕೇಳುತ್ತವೆ. ಎರಡನೆಯದನ್ನು ಆರಿಸಿದರೆ ಹಳೆಯ ತಪ್ಪುಗಳನ್ನು ಅದು ಮುಟ್ಟುವುದೇ ಇಲ್ಲ. "ಎಷ್ಟು ಸಲ ಹಾಕಿಸಿದರೂ ಬದಲಾಗುತ್ತಿಲ್ಲ" ಎಂಬ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ. ಇನ್ನೊಂದು ಆಯ್ಕೆ ಕೋಡ್‌ನ ಉದ್ದಕ್ಕೆ ಸಂಬಂಧಿಸಿದ್ದು. ಸ್ಕಿಡ್ ತನ್ನದೇ ವಿಸ್ತರಣೆ ಸೇರಿಸಿ ಬಿ90 ಪಕ್ಕ ಇನ್ನೊಂದು ಅಕ್ಷರ ಹಾಕಬಲ್ಲದು. ಒಳಗೆ ಬಳಸಲು ಅದು ತುಂಬಾ ಉಪಯುಕ್ತ. ಆದರೆ ಅದೇ ಆಟಗಳನ್ನು ಬೇರೆ ಸಾಫ್ಟ್‌ವೇರ್‌ಗೆ ಕೊಡುವುದಿದ್ದರೆ ಮೂರೇ ಅಕ್ಷರದ ಮೂಲ ಕೋಡ್ ಆರಿಸಿ. ಇಲ್ಲದಿದ್ದರೆ ಅಲ್ಲಿ ಬಿ90 ಅಂತ ನಿಖರವಾಗಿ ಹುಡುಕಿದಾಗ ಅವು ಸಿಗದೇ ಹೋಗಬಹುದು.

ಚೆಸ್‌ಬೇಸ್ ಬಳಸುವವರಿಗೆ ಇಲ್ಲೇ ಒಂದು ಮಾತು. ಅಲ್ಲಿ ಆಟದ ತಲೆಯಲ್ಲಿರುವ ಇಸಿಒ ಕೋಡ್ ಬೇರೆ, ಓಪನಿಂಗ್ ಕೀ ಎಂಬ ಮರದಂಥ ವರ್ಗೀಕರಣ ಬೇರೆ. ಒಂದನ್ನು ಸರಿಮಾಡಿ ಇನ್ನೊಂದರಲ್ಲಿ ಬದಲಾವಣೆ ಹುಡುಕಬೇಡಿ.

ದಾರಿ ನೋಡುತ್ತಾ, ಸ್ಥಿತಿ ನೋಡುತ್ತಾ?

ಈಗ ನಿಜವಾದ ಕಷ್ಟದ ಜಾಗಕ್ಕೆ ಬಂದೆವು. ಲೆಕ್ಕ ಹಾಕಿದ ಮೇಲೂ ತಪ್ಪು ಬರುತ್ತಿದ್ದರೆ ಹತ್ತರಲ್ಲಿ ಒಂಬತ್ತು ಸಲ ಇಲ್ಲೇ ಹುಳುಕು ಇರುತ್ತದೆ ಎಂಬುದು ನನ್ನ ಅನಿಸಿಕೆ.

ಒಂದೇ ಸ್ಥಿತಿಗೆ ಬೇರೆ ಬೇರೆ ದಾರಿಯಿಂದ ಬರಬಹುದು, ಅಲ್ವಾ? ಈ ಆಟ ನೋಡಿ:

1.ಸಿ4 ಕುದುರೆ ಎಫ್6 2.ಕುದುರೆ ಸಿ3 ಜಿ6 3.ಇ4 ಡಿ6 4.ಡಿ4 ಒಂಟೆ ಜಿ7 5.ಕುದುರೆ ಎಫ್3 ಕ್ಯಾಸ್ಲಿಂಗ್ 6.ಒಂಟೆ ಇ2 ಇ5 7.ಕ್ಯಾಸ್ಲಿಂಗ್

ಬೋರ್ಡ್ ನೋಡಿದ ಯಾರೇ ಆದರೂ ಇದು ಕಿಂಗ್ಸ್ ಇಂಡಿಯನ್ ಅನ್ನುತ್ತಾರೆ. ಸರಿಯಾದ ಕೋಡ್ ಇ94. ಆದರೆ ನಡೆಗಳ ಸಾಲನ್ನು ಮಾತ್ರ ಹೊಂದಿಸಿ ನೋಡುವ ಸಾಫ್ಟ್‌ವೇರ್ ಏನು ಮಾಡುತ್ತದೆ? 1.ಸಿ4 ಅಂದರೆ ಇಂಗ್ಲಿಷ್, ಎ10. ಕುದುರೆ ಎಫ್6 ಬಂತು, ಎ15. ಕುದುರೆ ಸಿ3, ಎ16. ಮುಂದೆ ಇದೇ ಸಾಲು ಪಟ್ಟಿಯಲ್ಲಿ ಇಲ್ಲದಿದ್ದರೆ ಅಲ್ಲಿಗೇ ನಿಂತುಬಿಡುತ್ತದೆ. ಏಳು ನಡೆ ಆಗಿ ಪಕ್ಕಾ ಕಿಂಗ್ಸ್ ಇಂಡಿಯನ್ ಬೋರ್ಡ್ ಮೇಲೆ ಕೂತಿದ್ದರೂ ಆಟ ಎ16ರ ಕೆಳಗೇ ಉಳಿಯುತ್ತದೆ. ಶುರುವಿನಲ್ಲಿ ಕಾಣೆಯಾದ ಆಟಗಳು ಹೀಗೇ ಕಾಣೆಯಾಗಿರುವುದು.

ಸಾಲು ಬಿಟ್ಟು ಸ್ಥಿತಿ ನೋಡಲು ಶುರುಮಾಡಿದರೂ ಕೆಲಸ ಅರ್ಧವೇ ಮುಗಿಯುತ್ತದೆ. ಪ್ರತಿ ನಡೆ ಆದ ಮೇಲೆ ಈ ಸ್ಥಿತಿ ಪಟ್ಟಿಯಲ್ಲಿದೆಯಾ ಅಂತ ನೋಡುತ್ತಾ ಹೋಗಿ, ಇಲ್ಲ ಅಂತಾದ ಕೂಡಲೇ ನಿಲ್ಲಿಸುವ ಸ್ಕ್ರಿಪ್ಟ್‌ಗಳು ಬಹಳ. ಮೇಲಿನ ಆಟದಲ್ಲಿ 3.ಇ4 ಡಿ6 4.ಡಿ4 ಸುತ್ತಮುತ್ತ ಪಟ್ಟಿಯಲ್ಲಿ ಹೆಸರಿಲ್ಲದ ಸ್ಥಿತಿ ಬರುವ ಸಾಧ್ಯತೆ ಜಾಸ್ತಿ. ನಾಲ್ಕನೇ ನಡೆಯಲ್ಲಿ ಒಂಟೆ ಜಿ7ಕ್ಕೆ ಬಂದ ಮೇಲೆ ಮತ್ತೆ ಹೆದ್ದಾರಿ ಸಿಗುತ್ತದೆ, ಅದು ಇ70. ಆಮೇಲೆ ಇ90, ಇ91, ಇ92, ಇ94 ಅಂತ ಒಂದೊಂದೇ ಮೆಟ್ಟಿಲು. ಆದರೆ ನಡುವಿನ ಹೆಸರಿಲ್ಲದ ಜಾಗದಲ್ಲೇ ನಿಂತ ಸ್ಕ್ರಿಪ್ಟ್ ಅದನ್ನು ನೋಡುವುದೇ ಇಲ್ಲ.

ಪರಿಹಾರ: ಹಿಂದಿನಿಂದ ಬನ್ನಿ. ಆಟದ ಕೊನೆಯ ಸ್ಥಿತಿಯಿಂದ ಒಂದೊಂದೇ ನಡೆ ಹಿಂದಕ್ಕೆ ಸರಿಯುತ್ತಾ, ಪಟ್ಟಿಯಲ್ಲಿ ಮೊದಲು ಸಿಕ್ಕ ಸ್ಥಿತಿಯ ಕೋಡ್ ತೆಗೆದುಕೊಳ್ಳಿ. ಅಥವಾ ಮುಂದಕ್ಕೇ ಹೋಗಿ, ಆದರೆ ನಡುವೆ ಸಿಗದಿದ್ದರೂ ನಿಲ್ಲಿಸದೆ, ಕೊನೆಯದಾಗಿ ಸಿಕ್ಕಿದ್ದನ್ನು ಇಟ್ಟುಕೊಳ್ಳಿ. ಎರಡೂ ಒಂದೇ. ಆನ್‌ಲೈನ್ ಚೆಸ್ ತಾಣ ಲಿಚೆಸ್‌ನವರು ಎಲ್ಲರಿಗೂ ಮುಕ್ತವಾಗಿ ಕೊಟ್ಟಿರುವ ಓಪನಿಂಗ್ ಪಟ್ಟಿಯನ್ನು ಬಳಸುವುದಾದರೂ ಕ್ರಮ ಇದೇ. ಆ ಪಟ್ಟಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಹೆಸರುಗಳಿವೆ. 500 ಕೋಡ್‌ಗಳ ಒಳಗೇ ಅಷ್ಟೂ ಹೆಸರು ಹಂಚಿಹೋಗಿವೆ.

ಸ್ಥಿತಿ ಒಂದೇ ಆದರೂ ಹೊಂದಾಣಿಕೆ ಆಗದಿದ್ದರೆ

ಹಿಂದಿನಿಂದ ನೋಡುವ ಸ್ಕ್ರಿಪ್ಟ್ ಬರೆದಿದ್ದೀರಿ. ಆದರೂ ಕೆಲವು ಆಟ ತಪ್ಪಿಹೋಗುತ್ತಿವೆ. ಆಗ ಈ ಎರಡು ಸಾಲುಗಳನ್ನು ಕೊಟ್ಟು ನೋಡಿ:

1.ಡಿ4 ಡಿ5 2.ಸಿ4
1.ಸಿ4 ಡಿ5 2.ಡಿ4

ಎರಡೂ ಕ್ವೀನ್ಸ್ ಗ್ಯಾಂಬಿಟ್, ಎರಡಕ್ಕೂ ಡಿ06 ಬರಬೇಕು. ಒಂದಕ್ಕೆ ಬಂದು ಇನ್ನೊಂದಕ್ಕೆ ಬರದಿದ್ದರೆ ದೋಷ ಎನ್ ಪ್ಯಾಸೆಂಟ್ (ಎರಡು ಮನೆ ಹಾರಿದ ಕಾಲಾಳನ್ನು ಅದು ದಾಟಿದ ಮನೆಯಲ್ಲೇ ಹೊಡೆಯುವ ನಿಯಮ) ಜಾಗದಲ್ಲಿದೆ ಅಂತ ಬಹುಮಟ್ಟಿಗೆ ಖಾತ್ರಿ.

ಕಾರಣ ಹೀಗಿದೆ. ಸ್ಥಿತಿಯನ್ನು ಬರೆಯುವ ಎಫ್‌ಇಎನ್ ಸಾಲಿನಲ್ಲಿ ಆರು ಭಾಗಗಳಿವೆ: ಕಾಯಿಗಳ ಜಾಗ, ಯಾರ ಸರದಿ, ಕ್ಯಾಸ್ಲಿಂಗ್ ಹಕ್ಕು, ಎನ್ ಪ್ಯಾಸೆಂಟ್ ಮನೆ, ಅರ್ಧ ನಡೆಗಳ (ಒಂದು ಬಣ್ಣದವರ ಒಂದು ನಡೆ) ಎಣಿಕೆ, ನಡೆಯ ಸಂಖ್ಯೆ. ಕಾಲಾಳು ಎರಡು ಮನೆ ಹಾರಿದಾಗಲೆಲ್ಲ ಅದು ದಾಟಿದ ಮನೆಯನ್ನು ನಾಲ್ಕನೇ ಭಾಗದಲ್ಲಿ ಬರೆಯುವ ಸಾಫ್ಟ್‌ವೇರ್‌ಗಳಿವೆ. ಮೊದಲ ಸಾಲಿನಲ್ಲಿ ಕೊನೆಗೆ ಹಾರಿದ್ದು ಸಿ ಕಾಲಾಳು, ಆದ್ದರಿಂದ ಸಿ3 ಅಂತ ಬರುತ್ತದೆ. ಎರಡನೆಯದರಲ್ಲಿ ಡಿ3. ಬೋರ್ಡ್ ಒಂದೇ, ಬರಹ ಬೇರೆ. ಕಂಪ್ಯೂಟರ್ ಅಕ್ಷರ ಹೋಲಿಸುತ್ತದೆಯೇ ಹೊರತು ಬೋರ್ಡ್ ನೋಡುವುದಿಲ್ಲ. ಇನ್ನು ಕೆಲವು ಸಾಫ್ಟ್‌ವೇರ್‌ಗಳು ನಿಜವಾಗಿಯೂ ಹೊಡೆಯಲು ಸಾಧ್ಯವಿದ್ದರೆ ಮಾತ್ರ ಆ ಮನೆ ಬರೆಯುತ್ತವೆ, ಇಲ್ಲದಿದ್ದರೆ ಅಡ್ಡಗೆರೆ. ಪೈಥಾನ್-ಚೆಸ್ ಲೈಬ್ರರಿ ಹೀಗೆ ಮಾಡುತ್ತದೆ, ಲಿಚೆಸ್ ಪಟ್ಟಿಯೂ ಹೀಗೇ. ನಿಮ್ಮ ಪಟ್ಟಿ ಒಂದು ರೀತಿಯದ್ದು, ಆಟ ಓದುವ ಲೈಬ್ರರಿ ಇನ್ನೊಂದು ರೀತಿಯದ್ದು ಆದರೆ ಈ ಎಡವಟ್ಟು ಖಂಡಿತ. ಎರಡನ್ನೂ ಒಂದೇ ಲೈಬ್ರರಿಯಿಂದ ಹಾಯಿಸಿ. ಪಟ್ಟಿಯಲ್ಲಿರುವ ನಡೆಗಳನ್ನೂ ಅದೇ ಲೈಬ್ರರಿಯಲ್ಲಿ ಆಡಿಸಿ ಕೀ (ಸ್ಥಿತಿಗಳನ್ನು ಹೋಲಿಸಲು ಬಳಸುವ ಸಾಲು) ತಯಾರಿಸಿಕೊಂಡರೆ ವ್ಯತ್ಯಾಸಕ್ಕೆ ಜಾಗವೇ ಇರುವುದಿಲ್ಲ. ಇನ್ನೊಬ್ಬರು ತಯಾರಿಸಿ ಕೊಟ್ಟ ಕೀಗಳನ್ನು ಸುಮ್ನೆ ನಂಬುವುದಕ್ಕಿಂತ ಇದು ಎಷ್ಟೋ ಮೇಲು.

ಕೀಗೆ ಮೊದಲ ನಾಲ್ಕು ಭಾಗ ಸಾಕು. ಐದು, ಆರನೆಯದನ್ನು ಸೇರಿಸಿದರೆ ಬೇರೆ ದಾರಿಯಿಂದ ಬಂದ ಆಟಗಳಲ್ಲಿ ಎಷ್ಟೋ ಹೊಂದುವುದಿಲ್ಲ. ಏಕೆಂದರೆ ಕೊನೆಗೆ ಕಾಲಾಳು ಯಾವಾಗ ನಡೆಯಿತು, ಇದು ಎಷ್ಟನೇ ನಡೆ ಎಂಬುದು ದಾರಿಯಿಂದ ದಾರಿಗೆ ಬದಲಾಗುತ್ತದೆ. ಹಾಗಂತ ಕಡಿಮೆ ಮಾಡಲೂ ಹೋಗಬೇಡಿ. ಕಾಯಿಗಳ ಜಾಗ ಮಾತ್ರ ಇಟ್ಟುಕೊಂಡು ಸರದಿಯನ್ನು ಬಿಟ್ಟರೆ 1.ಇ4 ಇ6 2.ಡಿ3 ಡಿ5 3.ಡಿ4 ಆಡಿದ ಆಟ 1.ಇ4 ಇ6 2.ಡಿ4 ಡಿ5 ಜೊತೆ ಸೇರಿಹೋಗುತ್ತದೆ. ಮೊದಲನೆಯದರಲ್ಲಿ ಬಿಳಿ ಒಂದು ನಡೆ ಕಳೆದುಕೊಂಡಿದೆ, ಸರದಿ ಕಪ್ಪಿನದ್ದು. ಎರಡನೆಯದರಲ್ಲಿ ಸರದಿ ಬಿಳಿಯದ್ದು. ಚೆಸ್‌ನಲ್ಲಿ ಇದು ಸಣ್ಣ ವ್ಯತ್ಯಾಸವಲ್ಲ.

ಎಷ್ಟು ಆಳಕ್ಕೆ ನೋಡಬೇಕು?

ವೇಗ ಹೆಚ್ಚಿಸಲು ಕೆಲವರು ಮೊದಲ ಹದಿನೈದು ಅರ್ಧ ನಡೆ ಮಾತ್ರ ನೋಡುತ್ತಾರೆ. ರೂಯ್ ಲೋಪೆಜ್‌ನ ಮಾರ್ಷಲ್ ಅಟ್ಯಾಕ್‌ಗೆ ಅಲ್ಲೇ ಪೆಟ್ಟು ಬೀಳುತ್ತದೆ. 8.ಸಿ3 ಆದ ಮೇಲೆ ಕಪ್ಪು ಡಿ5 ಆಡಿದಾಗಲೇ ಅದು ಸಿ89. ಆ ನಡೆ ಹದಿನಾರನೇ ಅರ್ಧ ನಡೆ. ಅದಕ್ಕೆ ಮೊದಲೇ ಕತ್ತರಿಸಿದರೆ ಮಾರ್ಷಲ್ ಆಟಗಳೆಲ್ಲ ಸಿ88ಕ್ಕೆ ಬಂದು ಬೀಳುತ್ತವೆ. ಸಿ88 ವಿಪರೀತ ದೊಡ್ಡದಾಗಿ ಸಿ89 ಖಾಲಿ ಇದ್ದರೆ ಬೇರೆ ಕಾರಣ ಹುಡುಕಬೇಕಿಲ್ಲ. ಕಿಂಗ್ಸ್ ಇಂಡಿಯನ್‌ನ ಇ99ಕ್ಕೆ ಹತ್ತನೇ ನಡೆ ಪೂರ್ತಿ ಮುಗಿಯಬೇಕು. ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್‌ನ ಡಿ69ಕ್ಕೆ ಹದಿಮೂರನೇ ನಡೆಯವರೆಗೆ ಹೋಗಬೇಕು. ನಾನಾದರೆ ನಲವತ್ತು ಅರ್ಧ ನಡೆ ಇಡುತ್ತೇನೆ. ಈಗಿನ ಕಂಪ್ಯೂಟರ್‌ಗೆ ಅದು ಭಾರವೇನಲ್ಲ.

ಎ00 ಉಬ್ಬಿಕೊಂಡಿದ್ದರೆ

1.ಜಿ4, 1.ಬಿ4 ತರಹದ ಅಪರೂಪದ ಮೊದಲ ನಡೆಗಳ ಮನೆ ಎ00. ಯಾವ ದೊಡ್ಡ ಡೇಟಾಬೇಸ್‌ನಲ್ಲೂ ಅದು ಸಣ್ಣದಾಗಿರಬೇಕು. ಸಾವಿರಾರು ಆಟ ಅಲ್ಲಿ ಕಂಡರೆ ಅವನ್ನು ನಡೆಗಳ ಸಂಖ್ಯೆಯ ಪ್ರಕಾರ ಜೋಡಿಸಿ ನೋಡಿ. ಮೇಲೆ ಬರುವವು ಹೆಚ್ಚಾಗಿ ಸೊನ್ನೆ ನಡೆಯ ಆಟಗಳು: ಒಬ್ಬರು ಬರಲಿಲ್ಲ, ಇನ್ನೊಬ್ಬರಿಗೆ ಅಂಕ ಕೊಟ್ಟರು, ಅಷ್ಟೇ. ಇವುಗಳಿಗೆ ಕೋಡ್ ಬೇಕಿಲ್ಲ, ಖಾಲಿ ಬಿಡಿ.

ಅದರ ಕೆಳಗೆ ಫಲಿತಾಂಶ ಸರಿಯಿದ್ದರೂ ನಾಲ್ಕೈದು ನಡೆಗೇ ನಿಂತ ಆಟಗಳು ಕಂಡರೆ ಜಾಗ್ರತೆ. ನಡೆ ಓದುವಾಗ ಮಧ್ಯದಲ್ಲೇ ಮುರಿದಿದೆ. ಕೋಡ್ ಹಾಕುವ ಭಾಗಕ್ಕೂ ಇದಕ್ಕೂ ಸಂಬಂಧವಿಲ್ಲ, ಅದಕ್ಕೆ ಸಿಕ್ಕಿದ್ದೇ ಅಷ್ಟು ನಡೆ. ಹೀಗೆ ಮುರಿದ ಆಟಗಳು ಎ00ಯಲ್ಲಷ್ಟೇ ಅಲ್ಲ, ಸಿ60, ಬಿ20ಯಂಥ ಮೇಲ್ಪದರದ ಕೋಡ್‌ಗಳಲ್ಲೂ ಗುಂಪುಗೂಡುತ್ತವೆ. ಮೂಲ ಫೈಲ್ ಅನ್ನು ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದು, ನಿಂತ ನಡೆಯ ಮುಂದಿನದನ್ನು ಕಣ್ಣಿಟ್ಟು ನೋಡಿ. ಕ್ಯಾಸ್ಲಿಂಗ್ ಬರೆಯಲು ಪಿಜಿಎನ್‌ನಲ್ಲಿ ಇಂಗ್ಲಿಷಿನ ದೊಡ್ಡ ಓ ಅಕ್ಷರ ಬಳಸಬೇಕು. ಎಷ್ಟೋ ಫೈಲ್‌ಗಳಲ್ಲಿ ಸೊನ್ನೆ ಇರುತ್ತದೆ. ಕಣ್ಣಿಗೆ ಎರಡೂ ಒಂದೇ ತರಹ, ಆದರೆ ಕಟ್ಟುನಿಟ್ಟಾಗಿ ಓದುವ ಸಾಫ್ಟ್‌ವೇರ್ ಅಲ್ಲೇ ಕೈಬಿಡುತ್ತದೆ. ಜರ್ಮನ್ ಅಕ್ಷರಗಳಲ್ಲಿ ಕಾಯಿಗಳನ್ನು ಬರೆದ ಫೈಲ್‌ಗಳೂ ಹೀಗೇ ಮುರಿಯುತ್ತವೆ. ಅಲ್ಲಿ ಕುದುರೆಗೆ ಎಸ್, ಒಂಟೆಗೆ ಎಲ್.

ಟಿಪ್ಪಣಿ ಇರುವ ಆಟಗಳು ಮಾತ್ರ ತಪ್ಪಾಗಿ, ಬರೀ ನಡೆಗಳಿರುವವು ಸರಿಯಾಗಿದ್ದರೆ ಆವರಣದ ಒಳಗಿನ ಉಪಸಾಲುಗಳನ್ನು ಮುಖ್ಯ ಸಾಲು ಅಂತ ಓದುತ್ತಿದೆ. ಸ್ವಂತ ಸ್ಕ್ರಿಪ್ಟ್‌ಗಳಲ್ಲಿ ಇದು ಸಾಮಾನ್ಯ. ಪಿಜಿಎನ್ ಓದುವುದನ್ನು ನೀವೇ ಬರೆಯಲು ಹೋಗದೆ ಒಳ್ಳೆಯ ಲೈಬ್ರರಿಗೆ ಬಿಡಿ.

ಇನ್ನೊಂದು ಗುಂಪಿದೆ: ಬೇರೆ ಸ್ಥಿತಿಯಿಂದ ಶುರುವಾದ ಆಟಗಳು. ತಲೆಯಲ್ಲಿ ಸೆಟಪ್ ಟ್ಯಾಗ್ 1 ಅಂತಿದ್ದು ಜೊತೆಗೆ ಎಫ್‌ಇಎನ್ ಟ್ಯಾಗ್ ಇದ್ದರೆ ಅದು ಸಮಸ್ಯೆಯೋ, ಅಂತ್ಯಾಟದ ಅಭ್ಯಾಸವೋ, ಚೆಸ್960 (ಹಿಂದಿನ ಸಾಲಿನ ಕಾಯಿಗಳನ್ನು ಬೇರೆ ಕ್ರಮದಲ್ಲಿಟ್ಟು ಆಡುವ ಬಗೆ) ಆಟವೋ ಆಗಿರುತ್ತದೆ. ಇವುಗಳನ್ನು ವರ್ಗೀಕರಣದಿಂದ ಹೊರಗಿಡಿ. ಒಂದೇ ಒಂದು ವಿನಾಯಿತಿ: ಚೆಸ್960ರ 518ನೇ ಸ್ಥಿತಿ ನಮ್ಮ ಮಾಮೂಲಿ ಶುರುವಿನ ಸ್ಥಿತಿಯೇ. ಅದಕ್ಕೆ ಕೋಡ್ ಬಂದರೆ ತಪ್ಪೇನಿಲ್ಲ.

ದೋಷದಂತೆ ಕಂಡರೂ ದೋಷವಲ್ಲದ್ದು

1.ಇ4 ಇ5 2.ಕುದುರೆ ಎಫ್3 ಕುದುರೆ ಎಫ್6 3.ಕುದುರೆ×ಇ5 ಡಿ6 4.ಕುದುರೆ ಎಫ್3 ಕುದುರೆ×ಇ4 5.ಡಿ3 ಕುದುರೆ ಎಫ್6 6.ಡಿ4 ಡಿ5. ಇದು ಪೆಟ್ರೋಫ್, ಸಿ42. ಈಗ ಬೋರ್ಡ್ ನೋಡಿ. 1.ಇ4 ಇ6 2.ಡಿ4 ಡಿ5 3.ಇ×ಡಿ5 ಇ×ಡಿ5 4.ಕುದುರೆ ಎಫ್3 ಕುದುರೆ ಎಫ್6 ಆದ ಮೇಲಿನ ಫ್ರೆಂಚ್ ಎಕ್ಸ್‌ಚೇಂಜ್ ಸ್ಥಿತಿಯೇ ಅಲ್ಲಿದೆ. ಒಂದು ಕಾಯಿಯೂ ಆಚೆ ಈಚೆ ಇಲ್ಲ, ಸರದಿಯೂ ಬಿಳಿಯದ್ದೇ. ಈ ಸ್ಥಿತಿ ಪಟ್ಟಿಯಲ್ಲಿದ್ದರೆ ಹಿಂದಿನಿಂದ ನೋಡುವ ಸಾಫ್ಟ್‌ವೇರ್ ಸಿ01 ಅನ್ನುತ್ತದೆ. ಕಪ್ಪು ಮೊದಲ ನಡೆಯಲ್ಲೇ ಇ5 ಆಡಿದ್ದರೂ ಆಟಕ್ಕೆ ಫ್ರೆಂಚ್ ಅಂತ ಹೆಸರು! ಸಾಫ್ಟ್‌ವೇರ್ ಹೇಳಿದ್ದು ಸುಳ್ಳಲ್ಲ. ಮುಂದಿನ ಆಟ ನಿಜವಾಗಿಯೂ ಫ್ರೆಂಚ್ ಎಕ್ಸ್‌ಚೇಂಜ್‌ನದ್ದೇ.

ಇಲ್ಲಿ ತೀರ್ಮಾನ ನಿಮ್ಮದು. ಆ ಸ್ಥಿತಿಯಿಂದ ಮುಂದೆ ಹೇಗೆ ಆಡಬೇಕು ಅಂತ ಓದುವುದಿದ್ದರೆ ಸಿ01 ಸರಿ. ಎದುರಾಳಿ 1.ಇ4ಗೆ ಏನು ಉತ್ತರ ಕೊಡುತ್ತಾರೆ ಅಂತ ಎಣಿಸುವುದಿದ್ದರೆ ಸಿ42 ಬೇಕು. ಆ ಕೆಲಸಕ್ಕೆ ಕೋಡ್ ನೆಚ್ಚಿಕೊಳ್ಳುವ ಬದಲು ಮೊದಲ ಕೆಲವು ನಡೆಗಳನ್ನೇ ಹುಡುಕುವುದು ಒಳ್ಳೆಯದು.

ಲಂಡನ್ ಸಿಸ್ಟಮ್ ಬಗ್ಗೆಯೂ ಇಂಥದ್ದೇ ದೂರು ಬರುತ್ತದೆ. ಅದಕ್ಕೆಂದೇ ಮೀಸಲಾದ ಕೋಡ್ ಇಲ್ಲ. ನಡೆಗಳ ಕ್ರಮ ನೋಡಿಕೊಂಡು ಡಿ00, ಡಿ02, ಎ45, ಎ46, ಎ48 ಅಂತ ಚದುರಿಹೋಗುತ್ತದೆ. ಅದೇ ಸಿಸಿಲಿಯನ್ ಓಪನಿಂಗ್‌ನ ನೈಡಾರ್ಫ್ ಒಂದಕ್ಕೇ ಬಿ90ಯಿಂದ ಬಿ99ರವರೆಗೆ ಹತ್ತು ಕೋಡ್ ಇವೆ. ಸಂಪುಟಗಳು ಬಂದ ಕಾಲದಲ್ಲಿ ಯಾವುದರ ಬಗ್ಗೆ ಹೆಚ್ಚು ಬರೆಯಲು ಇತ್ತೋ ಅದಕ್ಕೆ ಹೆಚ್ಚು ಜಾಗ ಸಿಕ್ಕಿತು. ಲಂಡನ್ ಆಟಗಳು ಬೇಕಾದರೆ ಕೋಡ್ ಬಿಟ್ಟು, ಬಿಳಿಯ ಕಾಲಾಳುಗಳು ಡಿ4 ಮತ್ತು ಇ3ರಲ್ಲಿ, ಒಂಟೆ ಎಫ್4ರಲ್ಲಿ ಇರುವ ಸ್ಥಿತಿಯನ್ನು ಹುಡುಕಿ.

ಹೆಸರು ಕೆಟ್ಟಿದ್ದರೆ

ಕೋಡ್ ಸರಿಯಿದ್ದು ಓಪನಿಂಗ್‌ನ ಹೆಸರಿನಲ್ಲಿ ಕಸದ ಅಕ್ಷರ ಕಂಡರೆ ಅದು ಎನ್‌ಕೋಡಿಂಗ್ (ಅಕ್ಷರಗಳನ್ನು ಫೈಲ್‌ನಲ್ಲಿ ಉಳಿಸುವ ಕ್ರಮ) ತೊಂದರೆ. ಗ್ರುನ್‌ಫೆಲ್ಡ್, ರೆಟಿ ಹೆಸರುಗಳನ್ನು ನೋಡಿದರೆ ತಕ್ಷಣ ತಿಳಿಯುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಾಗ ಅವುಗಳ ಮೇಲೆ ಚುಕ್ಕೆ, ಗೆರೆಗಳಿರುತ್ತವೆ. 1994ರ ಪಿಜಿಎನ್ ವಿವರಣೆ ಲ್ಯಾಟಿನ್-1 ಎನ್‌ಕೋಡಿಂಗ್ ಹೇಳುತ್ತದೆ, ಈಗಿನ ಫೈಲ್‌ಗಳು ಹೆಚ್ಚಾಗಿ ಯುಟಿಎಫ್-8. ಒಂದನ್ನು ಇನ್ನೊಂದಾಗಿ ಓದಿದಾಗ ಹೆಸರು ಒಡೆಯುತ್ತದೆ, ಒಂದೇ ಓಪನಿಂಗ್ ಎರಡು ಹೆಸರಲ್ಲಿ ಎಣಿಕೆಯಾಗುತ್ತದೆ. ಫೈಲ್ ಅನ್ನು ಯುಟಿಎಫ್-8ಕ್ಕೆ ಬದಲಿಸಿಕೊಂಡು ಆಮೇಲೆ ಒಳಗೆ ತನ್ನಿ. ಎಣಿಕೆ ಮಾಡುವಾಗ ಹೆಸರಿಗಿಂತ ಕೋಡ್ ಮೇಲೆ ಮಾಡಿ.

ಸರಿಮಾಡಿದ್ದು ಸರಿಯಾಯಿತಾ?

ಒಂದು ಸಣ್ಣ ಪರೀಕ್ಷಾ ಫೈಲ್ ಮಾಡಿಟ್ಟುಕೊಳ್ಳಿ. ಮೇಲಿನ ಕಿಂಗ್ಸ್ ಇಂಡಿಯನ್ ಆಟ ಒಮ್ಮೆ ಸಿ4ರಿಂದ ಶುರುವಾಗಿ, ಇನ್ನೊಮ್ಮೆ ಡಿ4ರಿಂದ ಶುರುವಾಗಿ, ಎರಡಕ್ಕೂ ಇ94. ಕ್ವೀನ್ಸ್ ಗ್ಯಾಂಬಿಟ್‌ನ ಆ ಎರಡು ಸಾಲು, ಎರಡಕ್ಕೂ ಡಿ06. ಮಾರ್ಷಲ್, ಸಿ89. ಪೆಟ್ರೋಫ್ ಆಟ, ನೀವು ಆರಿಸಿಕೊಂಡ ಕೋಡ್. 1.ಇ4 ಸಿ5 ಮಾತ್ರ ಇದ್ದು, ಇ4ರ ಪಕ್ಕ ಆವರಣದಲ್ಲಿ 1.ಡಿ4 ಡಿ5 2.ಸಿ4 ಅಂತ ಉಪಸಾಲು ಇರುವ ಆಟ. ಇದಕ್ಕೆ ಬಿ20 ಬರಬೇಕು, ಡಿ06 ಬಂದರೆ ಉಪಸಾಲು ಮುಖ್ಯ ಸಾಲಿಗೆ ನುಗ್ಗಿದೆ ಅಂತ ಅರ್ಥ. ನಡೆಯೇ ಇಲ್ಲದ ಒಂದು ಆಟ, ಎಫ್‌ಇಎನ್‌ನಿಂದ ಶುರುವಾಗುವ ಒಂದು ಆಟ, ಇವೆರಡಕ್ಕೂ ಖಾಲಿ.

ಬರಬೇಕಾದ ಕೋಡನ್ನು ಇಸಿಒ ಟ್ಯಾಗ್‌ನಲ್ಲಿ ಬರೆಯಬೇಡಿ, ಸಾಫ್ಟ್‌ವೇರ್ ಅದನ್ನೇ ನಕಲು ಮಾಡಿ ಪರೀಕ್ಷೆ ಪಾಸಾಯಿತು ಅಂತ ತೋರಿಸಬಹುದು. ಬೇರೆ ಹೆಸರಿನ ಟ್ಯಾಗ್‌ನಲ್ಲಿ ಇಡಿ. ಪಟ್ಟಿ ಬದಲಿಸಿದಾಗ, ಲೈಬ್ರರಿಯ ಹೊಸ ಆವೃತ್ತಿ ಹಾಕಿದಾಗ ಮೊದಲು ಈ ಫೈಲ್ ಓಡಿಸಿ. ಇದು ಪೂರ್ತಿ ಸರಿ ಬಂದ ಮೇಲೆ ದೊಡ್ಡ ಡೇಟಾಬೇಸ್‌ನ ಒಂದು ನಕಲು ಇಟ್ಟುಕೊಂಡು ಅದಕ್ಕೆ ಕೈಹಾಕಿ. ಮುಗಿದ ಮೇಲೆ ಹಳೆಯ ಮತ್ತು ಹೊಸ ಎಣಿಕೆಯನ್ನು ಕೋಡ್‌ವಾರು ಅಕ್ಕಪಕ್ಕ ಇಟ್ಟು ನೋಡಿ. ಎ10ರಿಂದ ಎ39ರವರೆಗಿನ ಇಂಗ್ಲಿಷ್ ಕೋಡ್‌ಗಳು ಸ್ವಲ್ಪ ಕರಗಿ ಡಿ, ಇ ಸಂಪುಟಗಳು ಬೆಳೆದಿದ್ದರೆ ಬೇರೆ ದಾರಿಯಿಂದ ಬಂದ ಆಟಗಳು ತಮ್ಮ ಜಾಗಕ್ಕೆ ಸೇರಿವೆ. ಯಾವುದಾದರೂ ಒಂದು ಕೋಡ್ ಇದ್ದಕ್ಕಿದ್ದಂತೆ ಸೊನ್ನೆಯಾಗಿದ್ದರೆ ಪಟ್ಟಿಯಲ್ಲಿ ಆ ಸಾಲು ಬಿಟ್ಟುಹೋಗಿದೆಯಾ ಅಂತ ತೆರೆದು ನೋಡಿ.